ಅತ್ತಿಗೆ ಎಲ್ಲರ ಕುತ್ತಿಗೆ ಮುಟ್ಟಿ ನೋಡಿದ ವರ್ಷ

ನನ್ನ ಗಂಡನ ಅಕ್ಕ ಸಿಟಿ ಬಸ್ ಡ್ರೈವರ್. ಆರೂ ಟೈರನ್ನು ರಾಡಿನಿಂದ ತಟ್ಟಿ ಸದ್ದು ಕೇಳದೆ ಒಂದು ದಿನವೂ ಬಸ್ ಎತ್ತಿದವರಲ್ಲ. ಡಿಪೋದಲ್ಲಿ ‘ಟಕ್ ಟಕ್ ಮೇಡಂ’ ಎಂದು ಚುಡಾಯಿಸುತ್ತಾರೆ. ಚುಡಾಯಿಸಲಿ ಬಿಡಿ, ಅವರ ಬಸ್ ಇವತ್ತಿಗೂ ದಾರಿಯಲ್ಲಿ ಕೈಕೊಟ್ಟಿಲ್ಲ.

ಇವರ ಮನೆತನದಲ್ಲಿ ದಪ್ಪ ಕುತ್ತಿಗೆ ಎಂದರೆ ಹೆಮ್ಮೆ. ನನ್ನ ಮಾವ, ಅವರ ತಮ್ಮ, ಇಬ್ಬರೂ ಐವತ್ತು ತುಂಬುವ ಮೊದಲೇ ಹೋದರು. ಆದರೂ ಫೋಟೋ ತೋರಿಸಿ ‘ಗೂಳಿ ಕುತ್ತಿಗೆ, ನಮ್ಮ ವಂಶದ್ದು’ ಎನ್ನುವವರೇ ಎಲ್ಲ. ಅತ್ತಿಗೆಗೆ ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾದಾಗ ಆ ಹೆಮ್ಮೆಯ ಬಣ್ಣ ಬಯಲಾಯಿತು. ಡಾಕ್ಟರು ಬಿಡಿಸಿ ಹೇಳಿದರು: ರೆಟ್ ಎಂಬ ಜೀನ್ ಇದೆ, ಹೊರಗಿನ ಸಂದೇಶವನ್ನು ಜೀವಕೋಶಕ್ಕೆ ಮುಟ್ಟಿಸುವ ಗ್ರಾಹಕ ತಯಾರಾಗುವುದು ಅದರಿಂದ. ಈ ಮನೆಯವರಲ್ಲಿ ಅದು ಕೆಟ್ಟಿದೆ. ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಗಂಟೆ ಬಾರಿಸುತ್ತಲೇ ಇರುತ್ತದೆ, ಕೋಶಗಳು ಬೆಳೆಯುತ್ತಲೇ ಹೋಗುತ್ತವೆ. ಈ ದೋಷ ಇದ್ದವರ ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ.

ಆಪರೇಷನ್ ಆಗಿ, ದನಿ ಒಡೆದು ಬಂದ ಅತ್ತಿಗೆ ಸುಮ್ಮನೆ ಕೂರಲಿಲ್ಲ. ನೆಂಟರ ಮನೆಮನೆಗೆ ಹೋಗಿ ಕುತ್ತಿಗೆ ಮುಟ್ಟಿ ನೋಡತೊಡಗಿದರು. ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ನಮ್ಮ ಮನೆಗೆ ಬಂದದ್ದು ಎಂಟು ವರ್ಷದ ನನ್ನ ಮಗಳಿಗಾಗಿ.

“ಬ್ಲಡ್ ಟೆಸ್ಟ್ ಮಾಡ್ಸೋಣ. ಇದ್ರೆ ಈಗ್ಲೇ ಥೈರಾಯ್ಡ್ ಗ್ರಂಥಿ ತೆಗೆಸ್ಬೇಕು. ತಡ ಮಾಡಿದ್ರೆ ಮಗು ಕೈಗೆ ಸಿಗಲ್ಲ” ಎಂದರು.

ನನ್ನ ಗಂಡ ಉರಿದುಬಿದ್ದರು. “ನಿನ್ನ ಗೋಳು ಸಾಲ್ದು ಅಂತ ನನ್ನ ಮಗಳ ತಲೆಗೂ ಕಟ್ತೀಯಾ? ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ?”

“ಮದುವೆ ಆಗೋಕೆ ಉಸಿರಿರ್ಬೇಕಲ್ಲೋ ದಡ್ಡ.”

“ನಾನು ಸೈನ್ ಹಾಕಲ್ಲ. ಏನ್ ಮಾಡ್ಕೋತೀಯೋ ಮಾಡ್ಕೋ.”

ಒಂಬತ್ತು ವರ್ಷ ಈ ಮನೆಯಲ್ಲಿ ಹೂಂಗುಟ್ಟಿಕೊಂಡೇ ಬಂದವಳು ನಾನು. ಅವತ್ತು ಮೈಯೆಲ್ಲ ಉರಿಯಿತು. ಮಗಳಿಗೆ ಚಪ್ಪಲಿ ಹಾಕಿಸಿದೆ.

“ಅಮ್ಮನ ಸೈನ್ ನಡೆಯುತ್ತೆ ತಾನೇ ಅತ್ತಿಗೆ?” ಎಂದೆ.

ಇವರು ಬಾಗಿಲಿಗೆ ಅಡ್ಡ ನಿಂತರು. “ಸರೀರಿ ಪಕ್ಕಕ್ಕೆ” ಎಂದೆ. ಸರಿದರು.

ರಿಪೋರ್ಟ್ ಬಂತು, ಮಗಳಿಗೂ ಇತ್ತು. ಆಪರೇಷನ್ ಮಾಡಿ ತೆಗೆದ ಗ್ರಂಥಿಯಲ್ಲಿ ಸಾಸಿವೆಯಷ್ಟು ಗಂಟು ಆಗಲೇ ಕೂತಿತ್ತು. ಹರಡಿರಲಿಲ್ಲ.

ವಾರ್ಡಿನಲ್ಲಿ ಇವರು ಶರ್ಟಿನ ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಂಡು ತಲೆ ತಗ್ಗಿಸಿ ಕೂತಿದ್ದರು.

“ಮಗುಗೆ ಇದು ಆಕಾಶದಿಂದ ಉದುರಿಲ್ಲ ಕಣೋ” ಎಂದರು ಅತ್ತಿಗೆ.

ಇವರ ಕೈ ಕಾಲರಿನತ್ತ ಹೋಯಿತು. ನಾನೇ ಹೋಗಿ ಗುಂಡಿ ಬಿಚ್ಚಿ ಮುಟ್ಟಿ ನೋಡಿದೆ. ಎಡಗಡೆ, ಗೋಲಿಯಷ್ಟು ಗಂಟು.

“ಅವತ್ತು ಬಾಗಿಲಿಗೆ ಅಡ್ಡ ನಿಂತಾಗ್ಲೂ ಇತ್ತಾ?”

“ಇತ್ತು. ಹೆದರ್ಕೊಂಡಿದ್ದೆ.”

ಹೊಡೆಯಬೇಕು ಎನ್ನಿಸಿತು, ಅಳುವೂ ಬಂತು. ಮಗಳನ್ನು ಅತ್ತಿಗೆಗೆ ಒಪ್ಪಿಸಿ, ಇವರ ರಟ್ಟೆ ಹಿಡಿದು ಎಬ್ಬಿಸಿ, ಕೆಳಗಿನ ಲ್ಯಾಬಿಗೆ ಎಳೆದುಕೊಂಡು ಹೋದೆ.