ಬಣ್ಣ ಕೆರೆದ ಮೆಕ್ಯಾನಿಕ್

"ಮೊದ್ಲು ಅರ್ತಿಂಗ್ ನೋಡಣ, ಸಾ." ನಂಜನಗೂಡಿನ ಆ ಕಾರ್ ಆಡಿಯೋ ಮೆಕ್ಯಾನಿಕ್ ಯಾರು ಬಂದರೂ ಹೇಳುತ್ತಿದ್ದ ಮಾತು ಅದು.

ತಿ. ನರಸೀಪುರದಿಂದ ನನ್ನ ವ್ಯಾನ್ ಒಯ್ದಿದ್ದೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರ್ ಕುಂಯ್ಯೆಂದು ಕಿರುಚುತ್ತಿತ್ತು. ಆಂಪ್ಲಿಫೈಯರ್ ಕೆಟ್ಟಿದೆ, ಬಿಸಾಡಿ ಎಂದು ಬೇರೆ ಇಬ್ಬರು ಮೆಕ್ಯಾನಿಕ್‌ಗಳು ಆಗಲೇ ಹೇಳಿದ್ದರು.

ಈ ಮೆಕ್ಯಾನಿಕ್ ಎಂಜಿನ್ ರೇಸ್ ಮಾಡಿಸಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಆಯುಧಪೂಜೆಗೆ ಬಣ್ಣ ಒಡ್ಸಿದ್ರಾ, ಸಾ?"

"ಹೂಂ, ಎಲ್ಲ ಬಿಚ್ಚಿ ಒಳಗೂ ಹೊಡೆಸಿದೆ."

ಆಂಪ್ಲಿಫೈಯರಿನ ಅರ್ತಿಂಗ್ ವೈರನ್ನು ವ್ಯಾನಿನ ತಗಡಿಗೆ ಬಿಗಿದಿದ್ದ ಬೋಲ್ಟ್ ಬಿಚ್ಚಿದರೆ ಅದರಡಿಯೂ ಹೊಸ ಬಣ್ಣ. "ಬಣ್ಣ ಕರೆಂಟ್ ಬಿಡಕಿಲ್ಲ ಕಣ್ರೀ," ಎನ್ನುತ್ತ ತಗಡು ಹೊಳೆಯುವವರೆಗೆ ಕೆರೆದು, ವೈರನ್ನು ಬಿಗಿದರು.

ಮನೆಯಲ್ಲಿ ರೆಕಾರ್ಡ್ ಮಾಡಿದ್ದ ಕ್ಯಾಸೆಟ್ ಹಾಕಿದೆ. ಆಕ್ಸಿಲರೇಟರ್ ಒತ್ತಿದರೂ ಕಿರುಚಾಟವಿಲ್ಲ. ತೀರಿಕೊಂಡ ನನ್ನಮ್ಮ ಸೋಬಾನೆ ಹಾಡುತ್ತಿದ್ದಳು. ಸಾಲಿನ ನಡುವೆ ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು.

ಅವರು ಕೈಲಿದ್ದ ಸ್ಪ್ಯಾನರನ್ನು ಸದ್ದಾಗದಂತೆ ಕೆಳಗಿಟ್ಟರು.