ಕೋಳಿಗೆ ಬೆಳ್ಳುಳ್ಳಿ, ಕೈಗೆ ನಿಂಬೆ

ನನ್ನ ಅತ್ತೆಗೆ ಇಂಗ್ಲೆಂಡಿನ ಯಾವ ವಸ್ತುವಿನ ಮೇಲೂ ಗೌರವವಿರಲಿಲ್ಲ. ಇಲ್ಲಿಯ ಮಳೆ ಮಳೆಯಲ್ಲ, ಮೀನು ಮೀನಲ್ಲ, ಅಂಗಡಿಯ ಮೊಟ್ಟೆಯಂತೂ ಮೊಟ್ಟೆಯೇ ಅಲ್ಲ. ಎಲ್ಲಕ್ಕಿಂತ ಹೆಚ್ಚಿನ ತಾತ್ಸಾರ ಇಲ್ಲಿಯ ಬಿಸಿಲಿನ ಬಗ್ಗೆ. ಜುಲೈ ತಿಂಗಳಲ್ಲಿ ಪಕ್ಕದ ಮನೆಯ ಬಿಳಿ ದಂಪತಿ ಹಿತ್ತಲಲ್ಲಿ ಅರೆಬೆತ್ತಲೆ ಮಲಗಿ ಕೆಂಪಗಾಗುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿ, “ಇದೂ ಒಂದ್ ಬಿಸ್ಲಾ? ಇದ್ರಲ್ ಒಂದ್ ಹಪ್ಳ ಒಣ್ಗುದಿಲ್ಲೆ” ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ನಾನೂ ನಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಾವು ಗ್ರೀನ್‌ಫರ್ಡಿನಲ್ಲಿದ್ದೆವು. ಗಂಡ ವೆಂಬ್ಲಿಯ ಒಂದು ದೋಸೆ ಹೋಟೆಲಿನಲ್ಲಿ ಅಡುಗೆಯವರು. ಬೆಳಿಗ್ಗೆ ಹತ್ತಕ್ಕೆ ಹೋದರೆ ಮಗಳು ಮಲಗಿದ ಮೇಲೇ ಬರುತ್ತಿದ್ದದ್ದು. ಮಂಗಳವಾರ ಮಾತ್ರ ರಜೆ. ಮಗಳಿಗೆ ಆಗ ಏಳು ವರ್ಷ. ನಾನು ಉಡುಪಿಯಲ್ಲಿ ಸಸ್ಯಶಾಸ್ತ್ರ ಓದಿ ಬಿಎಸ್ಸಿ ಮಾಡಿದವಳು. ಲಂಡನ್ನಿಗೆ ಬಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಜನರಿಗೆ ಕೆಮ್ಮಿನ ಸಿರಪ್ಪು ಚೀಲಕ್ಕೆ ಹಾಕಿ ಕೊಡುತ್ತಿದ್ದೆ. ಮಾವ ತೀರಿಕೊಂಡ ಮೇಲೆ ಗಂಡ ತನ್ನ ತಾಯಿಯನ್ನು ಕುಂದಾಪುರದಿಂದ ಕರೆಸಿಕೊಂಡಿದ್ದರು. ಆ ಕಡೆಯ ರೂಢಿಯಂತೆ ಅವರು ತಾಯಿಯನ್ನು ಅಬ್ಬಿ ಎಂದು ಕರೆಯುತ್ತಿದ್ದರು. ಆ ಎರಡಕ್ಷರದಲ್ಲಿ ಇರುತ್ತಿದ್ದ ಮೃದುತ್ವ ನನ್ನನ್ನು ಕರೆಯುವಾಗ ಎಂದೂ ಇರಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಕೋಳಿ ತರಿಸಿದ್ದು ಅತ್ತೆಯೇ. ಫ್ರಿಜ್ಜಿನ ವಾಸನೆಯ ಮೊಟ್ಟೆ ತಿನ್ನಲಾರೆ ಎಂದು ಹಟ ಹಿಡಿದರು. ಹೌನ್ಸ್ಲೋ ಕಡೆ ಕೋಳಿ ಸಾಕುತ್ತಿದ್ದ ಒಬ್ಬ ಪಂಜಾಬಿ ಮುದುಕನ ಹತ್ತಿರ ಗಂಡ ನಾಲ್ಕು ಹೇಂಟೆ ತಂದು, ಹಿತ್ತಲ ಮೂಲೆಯಲ್ಲಿ ಹಳೆಯ ಕಪಾಟನ್ನು ಅಡ್ಡ ಮಲಗಿಸಿ ಗೂಡು ಮಾಡಿದರು. ಗೂಡಿನ ಹಿಂದೆ ಬೇಲಿ, ಬೇಲಿಯಾಚೆ ಕಾಲುವೆಯ ದಂಡೆ. ಕೋಳಿಗಳು ಚೆನ್ನಾಗಿಯೇ ಇದ್ದವು. ಏಪ್ರಿಲ್ಲಿನಲ್ಲಿ ಒಂದು ವಾರ ಬಿಡದೆ ಥಂಡಿ ಗಾಳಿ ಬೀಸಿತು. ಕಂದು ಬಣ್ಣದ ಒಂದು ಹೇಂಟೆ ಗರಿ ಕೆದರಿಕೊಂಡು, ಕಣ್ಣು ಮುಚ್ಚಿ, ಗೊರಗೊರ ಎನ್ನುತ್ತ ಮೂಲೆ ಹಿಡಿಯಿತು.

ಪ್ರಾಣಿಗಳ ಡಾಕ್ಟರಿಗೆ ತೋರಿಸಬೇಕು, ಇಲ್ಲದಿದ್ದರೆ ಉಳಿದ ಮೂರಕ್ಕೂ ಅಂಟುತ್ತದೆ ಎಂದೆ. ಅತ್ತೆ ನನ್ನ ಮುಖವನ್ನೂ ನೋಡಲಿಲ್ಲ. “ಕೋಳಿಗ್ ಶೀತ ಆಯ್ತ್. ಅದ್ಕ್ ಡಾಕ್ಟ್ರ್ ಎಂತಕೆ? ಬೆಳ್ಳುಳ್ಳಿ ಇತ್ತಲೆ” ಎಂದರು. ಬೆಳ್ಳುಳ್ಳಿ, ಕಾಳುಮೆಣಸು, ಅರಿಸಿನ ಅರೆದು ಅನ್ನದಲ್ಲಿ ಕಲಸಿ ಗೋಲಿಯಷ್ಟು ಉಂಡೆ ಮಾಡಿದರು. ಕೋಳಿಯನ್ನು ಸೊಂಟಕ್ಕೆ ಅವುಚಿಕೊಂಡು, ಕೊಕ್ಕು ಬಿಡಿಸಿ, ಉಂಡೆಯನ್ನು ಒಂದೊಂದಾಗಿ ಗಂಟಲಿಗೆ ತುರುಕಿದರು. ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗೆ ನನ್ನ ಉಣ್ಣೆಯ ಸ್ವೆಟರು ಹಾಸಿ ಅದನ್ನು ಬಾಯ್ಲರಿನ ಪಕ್ಕ ಮಲಗಿಸಿದರು. ಸ್ವೆಟರು ಯಾರದೆಂದು ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ನಾಲ್ಕನೆಯ ದಿನ ಕೋಳಿ ಎದ್ದು ನಿಂತು ಅಡುಗೆಮನೆಯ ತುಂಬ ಹಿಕ್ಕೆ ಹಾಕಿತು. ಮುಂದಿನ ವಾರ ಮೊಟ್ಟೆಯನ್ನೂ ಇಟ್ಟಿತು.

ಆ ಮಂಗಳವಾರ ಹೋಟೆಲಿನ ನಾಲ್ಕು ಜನ ಊಟಕ್ಕೆ ಬಂದಿದ್ದರು, ಎಲ್ಲರೂ ನಮ್ಮೂರ ಕಡೆಯವರೇ. ನಾನು ಬಡಿಸುತ್ತಿದ್ದೆ. ಗಂಡ ಮೊಟ್ಟೆಯ ಕಥೆ ಶುರುಮಾಡಿದರು. “ಕಂಡ್ರ್ಯಾ? ಡಿಗ್ರಿ ಇಪ್ಪುದ್ ನನ್ ಹೆಂಡ್ತಿಗೆ. ಕೋಳಿ ಬದ್ಕ್ಸದ್ ಮೂರ್ನೇ ಕ್ಲಾಸಿನ್ ನನ್ನಬ್ಬಿ.” ಬಂದವರಲ್ಲೊಬ್ಬ, “ಹಿತ್ಲ್ ಗಿಡ ಮದ್ದಲ್ಲ ಅಂತ್ರ್. ನಿಮ್ಮನೇಲ್ ಹಿತ್ಲೇ ಆಸ್ಪತ್ರೆ ಮಾರಾಯ್ರೆ!” ಎಂದ. ಎಲ್ಲರೂ ಕೈ ಒಣಗುವವರೆಗೆ ನಕ್ಕರು. ಅತ್ತೆ ನಗಲಿಲ್ಲ ಎಂಬುದು ನನಗೆ ನೆನಪಿದೆ. ಆದರೆ ಆಗ ಅದು ನನಗೆ ಇನ್ನೂ ದೊಡ್ಡ ಅಹಂಕಾರವಾಗಿ ಕಂಡಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಸಾರಿನ ಪಾತ್ರೆ ಒಳಗೆ ಒಯ್ದೆ. ಅಂದಿನಿಂದ ಮನೆಯಲ್ಲಿ ಯಾರಿಗೆ ಏನಾದರೂ ನಾನು ಬಾಯಿ ಬಿಡಲಿಲ್ಲ. ಇವರ ಮದ್ದು ಒಂದು ದಿನ ಕೈಕೊಡಲಿ, ಅದೂ ಮಗನ ಕಣ್ಣೆದುರಿಗೇ ಕೈಕೊಡಲಿ ಎಂದು ಕಾದೆ. ದೇವರಿಗೆ ಮಾಡಿಕೊಂಡ ಹರಕೆಗಳು ಅರ್ಧಕ್ಕರ್ಧ ಸುಳ್ಳಾಗುತ್ತವೆ, ಇಂಥ ಬೇಡಿಕೆ ಮಾತ್ರ ತಪ್ಪದೆ ಕೈಗೂಡುತ್ತದೆ.

ಆಗಸ್ಟ್ ಬಂತು, ಶಾಲೆಗೆ ರಜೆ. ಕೋಳಿಗಳಿಗೆ ಹಸಿರು ಬೇಕೆಂದು ಅತ್ತೆ ಮೊಮ್ಮಗಳನ್ನು ಕರೆದುಕೊಂಡು ದಿನವೂ ಕಾಲುವೆಯ ದಂಡೆಗೆ ಸೊಪ್ಪು ಕೀಳಲು ಹೋಗುತ್ತಿದ್ದರು. ಅಲ್ಲಿ ಆಳೆತ್ತರ ಮೀರಿ ಬೆಳೆಯುವ ಒಂದು ಗಿಡವಿದೆ. ಬಿಳಿ ಕೊಡೆ ಬಿಡಿಸಿಟ್ಟಂಥ ಹೂಗೊಂಚಲು, ಒಳಗೆ ಟೊಳ್ಳಾದ ದಪ್ಪ ದಂಟು. ಇಲ್ಲಿಯವರು ಜೈಂಟ್ ಹಾಗ್‌ವೀಡ್ ಎನ್ನುತ್ತಾರೆ. ನಮ್ಮ ಕೊತ್ತಂಬರಿಯ ಕುಲದ್ದೇ, ಆದರೆ ಅದರ ಹಾಲು ಮೈಗೆ ತಾಗಿ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟುಹೋಗುತ್ತದೆ. ನಾನು ಬಸ್ಸಿಗೆ ಹೋಗುವ ದಾರಿಯಲ್ಲಿ ಅದರ ಚಿತ್ರವಿದ್ದ ಒಂದು ಫಲಕ ಹಾಕಿದ್ದರು: ಮುಟ್ಟಬೇಡಿ, ಮುಟ್ಟಿದರೆ ತೊಳೆಯಿರಿ, ಬಿಸಿಲಿಗೆ ತೋರಿಸಬೇಡಿ. ದಿನಕ್ಕೆ ಎರಡು ಸಲ ಅದರ ಮುಂದೆ ನಡೆಯುತ್ತಿದ್ದೆ. ಅತ್ತೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಮಗಳು ಓದಬಲ್ಲಳು, ಆದರೆ ಅವರು ಆ ದಾರಿಯಲ್ಲಿ ಹೋಗುತ್ತಿರಲಿಲ್ಲ, ಬೇಲಿಯ ಸಂದಿಯಿಂದ ನುಸುಳುತ್ತಿದ್ದರು.

ಒಂದು ಶನಿವಾರ ಸಂಜೆ ಮಗಳು ಆ ದಂಟಿನ ತುಂಡೊಂದನ್ನು ದುರ್ಬೀನಿನ ಹಾಗೆ ಕಣ್ಣಿಗೆ ಹಿಡಿದುಕೊಂಡು ಬಂದಳು. ನಾನು ಅಂಗಡಿಯಿಂದ ಬರುವಷ್ಟರಲ್ಲಿ ಅವಳು ಅದನ್ನು ಕೋಳಿಗೂಡಿನ ಮೇಲೆ ಎಸೆದು ಒಳಗೆ ಹೋಗಿದ್ದಳು. ತುಂಡನ್ನು ನೋಡಿ ಗುರುತು ಹಿಡಿದೆ. ಮಗಳ ಮುಖ ಮತ್ತು ಅಂಗೈಯನ್ನು ಸೋಪು ಹಚ್ಚಿ ತೊಳೆದೆ. ತೊಳೆದದ್ದು ನಾನೇ. ಮುಖ ಅಷ್ಟರಿಂದಲೇ ಉಳಿಯಿತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗೆ ಅಲ್ಲಿಗೇ ಮುಚ್ಚಿಹೋಯಿತು.

ಭಾನುವಾರ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಮಗಳು ಬಲಗೈ ಚಾಚಿಕೊಂಡು ಬಂದಳು. “ಇಟ್ಸ್ ಇಚಿ, ಅಮ್ಮ” ಎಂದು ತುರಿಸಿಕೊಂಡಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಗೆರೆಗಳು. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. ನಮ್ಮ ಕಡೆ ಕಾಡಿನಲ್ಲಿ ಚೇರೆ ಎಂಬ ಮರವಿದೆ, ಅದರ ಸೊನೆ ತಾಗಿದರೆ ಮೈಯೆಲ್ಲ ತುರಿಸಿ ಬೊಬ್ಬೆ ಏಳುತ್ತದೆ. ತಾರೆ ಮರದ ತೊಗಟೆ ಅರೆದು ಹಚ್ಚುವುದು ಅದಕ್ಕೆ ಮದ್ದು. “ಇದ್ ಚೇರ್ ತಾಗಿದ್ದೇ. ನಾ ಕಾಣ್ದಿದ್ದಾ? ತಾರಿ ಚಕ್ಕಿ ಇದ್ರ್ ಒಂದೇ ದಿನಕ್ ಗುಣ ಆತಿತ್ತ್. ಇಲ್ ಎಲ್ ಸಿಕ್ಕತ್ತ್?” ಎಂದರು. ತಾರೆ ಇಲ್ಲದಿದ್ದರೆ ನಿಂಬೆರಸದಲ್ಲಿ ಅರಿಸಿನ ಕಲಸಿ ಹಚ್ಚಿ ಎಳೆ ಬಿಸಿಲಿಗೆ ಕೂರಿಸುವುದು ಅವರ ತಾಯಿಯ ಮನೆಯ ರೂಢಿಯಂತೆ.

ನಿಂಬೆಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದರು. “ನೀ ಓದ್ದಳ್. ಹಚ್ಲಕ್ಕಾ?”

ಮದುವೆಯಾಗಿ ಒಂಬತ್ತು ವರ್ಷಗಳಲ್ಲಿ ಅವರು ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ಹಚ್ಚಬಹುದೇ ಎಂದು ನನ್ನ ಅಪ್ಪಣೆ ಬೇಡುತ್ತಿದ್ದರು. ನನಗೆ ಅದು ಕೇಳಿಸಲಿಲ್ಲ. ಮೂರನೇ ಕ್ಲಾಸಿನ ಅಬ್ಬಿ, ಡಿಗ್ರಿಯ ಹೆಂಡತಿ, ಅದೇ ನಗು ಕೇಳಿಸಿತು. “ನಿಮ್ಗ್ ಗೊತ್ತಿಲ್ದಿದ್ದಾ ಅತ್ತೆ?” ಎಂದೆ. ಹುಳಿ ಮದ್ದು ಹೆಚ್ಚೆಂದರೆ ಸ್ವಲ್ಪ ಉರಿಯುತ್ತದೆ, ಕೈ ಇನ್ನಷ್ಟು ಕೆಂಪಾಗುತ್ತದೆ, ಮಂಗಳವಾರ ಅವಳ ಅಪ್ಪ ನೋಡುತ್ತಾರೆ ಎಂದು ಲೆಕ್ಕ ಹಾಕಿದೆ. ನಿಂಬೆರಸವೂ ಬಿಸಿಲಿನಲ್ಲಿ ಅದೇ ಕೆಲಸ ಮಾಡುತ್ತದೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಬಿಸಿಲಿನ ವಿಷಯ ಮೊದಲೇ ಗೊತ್ತಿತ್ತು.

ಇಲ್ಲಿಯದು ಬಿಸಿಲೇ ಅಲ್ಲವಲ್ಲ! ಊರಿನಲ್ಲಿ ಕಾಲು ಗಂಟೆ ಸಾಕಾಗುವುದಕ್ಕೆ ಇಲ್ಲಿ ಎರಡು ಗಂಟೆ ಬೇಕೆಂದು ಅತ್ತೆ ಹಿತ್ತಲಲ್ಲಿ ಚಾಪೆ ಹಾಕಿ ಮೊಮ್ಮಗಳನ್ನು ಕೂರಿಸಿದರು. ಕಥೆ ಹೇಳಿದರು, ಕೋಳಿಗಳನ್ನು ಅವಳ ಸುತ್ತ ಬಿಟ್ಟರು. ಭಾನುವಾರ ಕೂರಿಸಿದರು, ಸೋಮವಾರವೂ ಕೂರಿಸಿದರು. ನಾನು ಭಾನುವಾರ ಇಡೀ ದಿನ ಮನೆಯಲ್ಲಿದ್ದೆ. ಬಟ್ಟೆ ಒಗೆದೆ, ಅವರ ಪಕ್ಕದಲ್ಲೇ ಹಗ್ಗಕ್ಕೆ ಹಾಕಿದೆ. ಸೋಮವಾರ ಅಂಗಡಿಗೆ ಹೋಗುವಾಗ ಆ ಫಲಕದ ಮುಂದೆ ತಲೆ ತಗ್ಗಿಸಿಕೊಂಡು ನಡೆದೆ. ಸಂಜೆ ಬಂದಾಗ ಮಗಳ ಕೈಯಲ್ಲಿ ದ್ರಾಕ್ಷಿಯ ಗಾತ್ರದ ಗುಳ್ಳೆಗಳು ಎದ್ದಿದ್ದವು. ಅವಳು ಅಳುತ್ತಿದ್ದಳು, ಅತ್ತೆ ಗಾಬರಿಯಿಂದ ಊರಿನ ದೈವಕ್ಕೆ ಒಂದು ಹುಂಜ ಕೊಡುತ್ತೇನೆಂದು ಹೇಳಿಕೊಳ್ಳುತ್ತಿದ್ದರು. ಆಗಲಾದರೂ ಆಸ್ಪತ್ರೆಗೆ ಓಡಬಹುದಿತ್ತು. ನಾನು ತಣ್ಣೀರಿನ ಬಟ್ಟೆ ಸುತ್ತಿ ಮಲಗಿಸಿದೆ. ಬೆಳಗಾದರೆ ಮಂಗಳವಾರ.

ಮಂಗಳವಾರ ಗಂಡ ಎದ್ದು ಬಂದು ಮಗಳ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿ ಅಲ್ಲೇ ಕುಳಿತರು. ಆಗ ನಾನು ಬಾಯಿ ಬಿಟ್ಟೆ. ಗಿಡದ ಹೆಸರು, ಅದರ ಕುಲ, ಸೊನೆ, ಬಿಸಿಲು, ಎಲ್ಲವನ್ನೂ ತಡೆಯಿಲ್ಲದೆ ಹೇಳಿದೆ. ಎರಡು ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆನಲ್ಲ, ಒಂದು ಪದವೂ ಎಡವಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈ ನೋಡಿ, ಇದಕ್ಕೆ ಏನು ಹಚ್ಚಿದಿರಿ, ಯಾರು ಹಚ್ಚಿದರು ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ, ನನ್ನ ಮದರ್ ಇನ್ ಲಾ ಹಚ್ಚಿದರು, ನಾನು ಕೆಲಸಕ್ಕೆ ಹೋಗಿದ್ದೆ ಎಂದೆ. ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಆ ಮೂರು ಪದ ಗೊತ್ತಿತ್ತು. ಅವರು ಕುಳಿತಲ್ಲಿಂದ ನನ್ನನ್ನು ನೋಡಿದರು. ಮಗಳ ಚರ್ಮ ತೊಗಟೆಯಂತೆ ಕಪ್ಪಗಾಗಿ ಕಿತ್ತುಬಂದಿತ್ತು. ಎರಡು ವಾರ ದಿನ ಬಿಟ್ಟು ದಿನ ಪಟ್ಟಿ ಬದಲಿಸುವಾಗ ಅವಳು ಕಿರುಚುತ್ತಿದ್ದಳು. ಕಲೆ ಉಳಿಯುತ್ತದೆ, ಕೆಲವು ವರ್ಷ ಬಿಸಿಲಿಗೆ ಕೈ ತೋರಿಸಬಾರದು ಎಂದರು.

ಗಂಡ ಮನೆಗೆ ಬಂದು ತಾಯಿಯ ಮೇಲೆ ಹರಿಹಾಯ್ದರು. ನಾನು ಬಯಸಿದ್ದು ಅದನ್ನೇ, ಆದರೆ ಇಷ್ಟು ಕೆಟ್ಟದಾಗಿ ಅಲ್ಲ. “ಕೋಳಿಗ್ ಮಾಡ್ದಾಂಗ್ ಮಗೀಗೂ ಮಾಡುದಾ? ಕಾಡ್ ಮನ್ಷ್ರ ಕಣಂಗೆ!” ಎಂದು ಕೂಗಿದರು. ಆ ಅಬ್ಬಿ ಎಂಬ ಎರಡಕ್ಷರ ಅವರ ಬಾಯಲ್ಲಿ ಆ ದಿನ ಬರಲಿಲ್ಲ. ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು. ಸೊಸೆಯನ್ನು ಕೇಳಿಯೇ ಹಚ್ಚಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವರು ಹೇಳಲಿಲ್ಲ.

ಅಕ್ಟೋಬರಿನಲ್ಲಿ ಅವರನ್ನು ಊರಿಗೆ ಕಳಿಸುವುದೆಂದು ತೀರ್ಮಾನವಾಯಿತು. ಕುಂದಾಪುರದಲ್ಲಿ ಅವರ ಮಗಳ ಮನೆಯಿತ್ತು, ತೊಂದರೆ ಇರಲಿಲ್ಲ. ಹೀಥ್ರೂದಲ್ಲಿ ಗಂಡ ಗಾಡಿ ನಿಲ್ಲಿಸಲು ಹೋದಾಗ ನಾವಿಬ್ಬರೇ ಸಾಲಿನಲ್ಲಿ ನಿಂತಿದ್ದೆವು. ಇನ್ನು ತಡೆಯಲಾರದೆ ಕೇಳಿದೆ: ನೀವು ಯಾಕೆ ಹೇಳಲಿಲ್ಲ? ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, ದಿನಸಿಯ ವಿಷಯ ಹೇಳುವ ದನಿಯಲ್ಲಿ ಹೇಳಿದರು.

“ಮಗೀಗ್ ಅಜ್ಜಿ ಮೇಲ್ ಸಿಟ್ಟಿದ್ರ್ ಅಡ್ಡಿಲ್ಲೆ. ಅಬ್ಬಿ ಮೇಲ್ ಬಪ್ಪುಕಾಗ.”

ಅಷ್ಟೇ. ಕೋಳಿಗಳನ್ನು ಪಂಜಾಬಿ ಮುದುಕನಿಗೆ ವಾಪಸು ಕೊಟ್ಟೆವು. ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬಂತು. ಔಷಧಿ, ಡಾಕ್ಟರು, ಮಗಳ ಶಾಲೆ, ಎಲ್ಲದಕ್ಕೂ ಗಂಡ ನನ್ನನ್ನೇ ಕೇಳತೊಡಗಿದರು. ಬೇಕಾದದ್ದು ಸಿಕ್ಕಿತು. ಅದನ್ನು ಯಾವ ಬಾಯಿಂದ ಉಣ್ಣುವುದೆಂದು ಗೊತ್ತಾಗಲಿಲ್ಲ.

ಮಗಳು ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿಕೊಂಡೇ ಬೆಳೆದಳು. ಅಜ್ಜಿ ಪ್ರತಿ ಭಾನುವಾರ ಫೋನು ಮಾಡಿ ಕೈ ಹೇಗಿದೆ ಎಂದು ಕೇಳುತ್ತಿದ್ದರು. ಮಾತನಾಡು ಎಂದು ಫೋನು ಕೊಟ್ಟರೆ ಅವಳು ತಲೆಯಾಡಿಸಿ ಮಹಡಿ ಹತ್ತುತ್ತಿದ್ದಳು. ಒತ್ತಾಯ ಮಾಡುವ ಧೈರ್ಯ ನನಗಿರಲಿಲ್ಲ. ಎಷ್ಟೋ ಸಲ ಹೇಳಿಬಿಡಬೇಕು ಅನ್ನಿಸಿತು. ಎದುರಿಗೆ ಅವಳ ಮುಖ ಕಂಡರೆ ನಾಲಿಗೆ ಏಳುತ್ತಿರಲಿಲ್ಲ.

ಅವಳು ಯೂನಿವರ್ಸಿಟಿಯ ಮೊದಲ ವರ್ಷದಲ್ಲಿದ್ದಾಗ ಅತ್ತೆ ಹೋದರು. ಗಂಡ ಅಂದೇ ವಿಮಾನ ಹತ್ತಿದರು. ಮಗಳು ನನ್ನ ಪಕ್ಕ ಸೋಫಾದಲ್ಲಿ ಬಂದು ಕುಳಿತು, ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಆ ಕಂದು ಕಲೆಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು, ನನಗೆ ಅಳು ಬರುತ್ತಿಲ್ಲ ಅಮ್ಮ, ನಾನು ಅವರನ್ನು ಕಡೆಯವರೆಗೂ ಕ್ಷಮಿಸಲಿಲ್ಲ, ಅದು ತಪ್ಪಾ?

ತಪ್ಪಲ್ಲ ಎಂದೆ. ಅವಳು ನನ್ನ ಹೆಗಲಿಗೆ ತಲೆಯಿಟ್ಟಳು.