ಕಲಾಯಿ ಚಾಚಾನ ಎಡಗಿವಿ

ಅವರ ಎಡಗಿವಿಯ ಅಂಚು ಸದಾ ಕಪ್ಪಗಿರುತ್ತಿತ್ತು. ಇದ್ದಲು ಮುಟ್ಟಿದ ಕೈಯಲ್ಲೇ ತವರದ ಕಡ್ಡಿ ಎತ್ತಿ, ಕಿವಿಗೆ ತಾಗಿಸಿಕೊಂಡು, ಮೆಲ್ಲಗೆ ಬಾಗಿಸುತ್ತಿದ್ದರು. ಒಳ್ಳೆಯ ತವರ ಬಾಗುವಾಗ ಕಿರ್ ಕಿರ್ ಎಂದು ಸಣ್ಣಗೆ ಅಳುತ್ತದೆ. ಸೀಸ ಬೆರೆತಿದ್ದರೆ ಆ ದನಿ ಸತ್ತಿರುತ್ತದೆ. "ಅತ್ತರ ಇಟ್ಕೋಬೇಕು, ಸುಮ್ನಿದ್ರ ಅಂಗಡಿಗೆ ವಾಪಸ್," ಎನ್ನುತ್ತಿದ್ದರು. ಆಮೇಲೆಯೇ ತಿದಿ ಒತ್ತಿ ಪಾತ್ರೆ ಕಾಯಿಸುವುದು, ನವಸಾಗರದ ಪುಡಿ ಚಿಮುಕಿಸಿ ಬಿಳಿ ಹೊಗೆ ಎಬ್ಬಿಸುವುದು, ಕರಗಿದ ತವರವನ್ನು ಅರಳೆಯಿಂದ ಒಳಗೆಲ್ಲ ಸವರುವುದು.

ನಮ್ಮ ಪಾಲಿಗೆ ಅವರು ಕಲಾಯಿ ಚಾಚಾ. ಕಮಲಾಪುರದವರು. ವರ್ಷಕ್ಕೆರಡು ಸಲ ಬಸ್ಸಿಳಿದು ಬ್ರಹ್ಮಪುರದ ನಮ್ಮ ಓಣಿಗೆ ಬರುವಾಗ ಒಂದು ಕೈಯಲ್ಲಿ ತಿದಿಯ ಚೀಲ, ಇನ್ನೊಂದರಲ್ಲಿ ಅಮ್ಮನಿಗೆಂದು ತಂದ ಕೆಂಪು ಬಾಳೆಹಣ್ಣು. ಊರೆಲ್ಲ ಸ್ಟೀಲಿಗೆ ಹೋದರೂ ಅಮ್ಮ ಹಿತ್ತಾಳೆ ಬಿಟ್ಟಿರಲಿಲ್ಲ. ಸವೆದ ಪಾತ್ರೆ ಕಂಡರೆ ಚಾಚಾ ಬಿಡುತ್ತಿರಲಿಲ್ಲ. "ಬಾಯಿ, ಇಷ್ಟು ತಿಕ್ಕಬ್ಯಾಡ್ರಿ. ನನ್ನ ಮ್ಯಾಲಿನ ಸಿಟ್ಟು ಭಾಂಡೆದ ಮ್ಯಾಲ್ಯಾಕ?" ಅಮ್ಮ ನಗುತ್ತ ಚಹಾ ತರುತ್ತಿದ್ದಳು.

ನಾನು ಬಿಎಸ್ಸಿ ಓದುತ್ತಿದ್ದಾಗ ಒಮ್ಮೆ ಓಣಿಗೆಲ್ಲ ಕಲಾಯಿ ಹಾಕಿ ಹೋದವರು ನಾಲ್ಕೇ ದಿನಕ್ಕೆ ಮತ್ತೆ ಬಂದು ಬಾಗಿಲಲ್ಲಿ ನಿಂತರು. ಮುಖ ಇಳಿದಿತ್ತು.

"ಬಾಯಿ, ಆ ಭಾಂಡೆದಾಗ ಅಡಗಿ ಮಾಡೀರೇನು?"

"ನಿನ್ನೆ ಹುಳಿ ಮಾಡೀನಿ. ಯಾಕ್ರಿ?"

"ಇನ್ನ ಮಾಡಬ್ಯಾಡ್ರಿ. ಅದರಾಗ ಸೀಸ ಅದ, ವಿಷ ಅದು. ತಪ್ಪು ನಂದು."

ಉಳಿದ ತವರದಲ್ಲಿ ಮಗಳ ಮನೆಯ ಪಾತ್ರೆಗೆ ಕಲಾಯಿ ಹಾಕಲು ಕೂತಿದ್ದರಂತೆ. ಮಗಳು ಕಡ್ಡಿ ಬಾಗಿಸಿ, "ಅಬ್ಬಾಜಿ, ಇದು ಅಳಾಕತ್ತಿಲ್ಲ," ಎಂದಳಂತೆ. ಕೊಳ್ಳುವಾಗ ಇವರಿಗೆ ಮಾತ್ರ ಆ ಅಳು ಸ್ಪಷ್ಟವಾಗಿ ಕೇಳಿಸಿತ್ತು! ಕಿವಿ ಯಾವಾಗಲೋ ಕೈಕೊಟ್ಟಿತ್ತು. "ಹುಟ್ಟಿದಾಗಿಂದ ಕೇಳಿದ ದನಿ ನೋಡ್ರಿ. ಕೇಳಬೇಕು ಅಂತ ಮನಸ್ಸಾದ್ರ, ಇಲ್ದಿದ್ರೂ ಕೇಳ್ತದ."

ಮನೆ ಮನೆಗೆ ಹೋಗಿ ಇದನ್ನೇ ಹೇಳಿದರು. ಕೆಲವರು ಬಾಯಿಗೆ ಬಂದಂತೆ ಬೈದರು. ಒಂದು ಮನೆಯವರು ಮತ್ತೆಂದೂ ಅವರನ್ನು ಕರೆಯಲಿಲ್ಲ. ಚಾಚಾ ಎರಡು ದಿನ ಕೂತು ಪ್ರತಿ ಪಾತ್ರೆಯ ಆ ಸೀಸದ ಕಲಾಯಿ ಕಾಯಿಸಿ ಒರೆಸಿ ತೆಗೆದರು. "ನೀವು ಹೇಳದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ," ಎಂದಳು ಅಮ್ಮ. "ನನಗ ಗೊತ್ತಾಗಿತ್ತಲ್ರೀ ಬಾಯಿ," ಎಂದರು. ಮತ್ತೆ ಕಲಾಯಿ ಹಾಕುವ ಮೊದಲು ಹೊಸ ಕಡ್ಡಿಯನ್ನು ನನ್ನ ಕೈಗಿಟ್ಟರು. "ಬೇಟಾ, ಇನ್ನ ಮ್ಯಾಲ ನೀ ಕೇಳಿ ಹೇಳು."

ಹಾಗೆ ನಾನು ಅವರ ಕಿವಿಯಾದೆ. ಲೋಹ ಬಾಗಿದರೆ ಯಾಕೆ ಅಳಬೇಕು ಎಂಬ ಪ್ರಶ್ನೆ ತಲೆಗೆ ಹೊಕ್ಕಿದ್ದೂ ಆಗಲೇ. ಅದರ ಬೆನ್ನು ಹತ್ತಿ ಹೋದವಳು ಒತ್ತಿದರೆ ವಿದ್ಯುತ್ ಕೊಡುವ ವಸ್ತುಗಳ ಹತ್ತಿರ ಬಂದು ನಿಂತೆ. ಗ್ಯಾಸ್ ಲೈಟರಿನೊಳಗೆ ಟಕ್ ಎಂದು ಕಿಡಿ ಹಾರಿಸುವುದು ಅಂಥದೇ ಹರಳು. ಇವುಗಳಲ್ಲಿ ಚೆನ್ನಾಗಿ ದುಡಿಯುವ ಹೆಚ್ಚಿನವುಗಳಲ್ಲಿ ಸೀಸವಿದೆ. ಸೀಸವಿಲ್ಲದೆ ಅದೇ ಕೆಲಸ ಮಾಡುವ ತೆಳು ಪದರ ತಯಾರಿಸುವುದು ನನ್ನ ಸಂಶೋಧನೆ. ಕೇಳಿ ಚಾಚಾ ಹೊಟ್ಟೆ ತುಂಬ ನಕ್ಕರು. "ಅರೇ, ಇಷ್ಟು ಓದಿ ನಂದೇ ಧಂಧಾ ಹಿಡದೀಯಲ್ಲ!"

ಧಂಧಾ ಸುಲಭವಿರಲಿಲ್ಲ. ಮೂರು ವರ್ಷ ನನ್ನ ಪದರಗಳು ಬಿರುಕು ಬಿಟ್ಟವು, ಇಲ್ಲವೇ ಒತ್ತಿದರೂ ಸುಮ್ಮನಿದ್ದವು. ನಾಲ್ಕನೆಯ ವರ್ಷ ಒಂದು ಪದರ ಒತ್ತಿದ ಕೂಡಲೇ ಮೀಟರಿನ ಮುಳ್ಳು ಹಾರುವಂತೆ ಜೋರಾಗಿ ಮಿಡಿಯಿತು. ಕುಣಿದಾಡಿಬಿಟ್ಟೆ. ನನ್ನ ಮಾರ್ಗದರ್ಶಕರು ಖುಷಿಯಾಗಿ ಲೇಖನ ಬರೆಸಿ ಸಂಶೋಧನಾ ಪತ್ರಿಕೆಗೆ ಕಳಿಸಿದರು. ಅದು ಅಚ್ಚಾದರೆ ಪಿಎಚ್‌ಡಿ ಮುಗಿದ ಹಾಗೆಯೇ.

ತಿಂಗಳಾದ ಮೇಲೆ ಗೊತ್ತಾಯಿತು: ನಾನು ಬಳಸಿದ ಕುಲುಮೆಯಲ್ಲಿ ಮೊದಲು ಬೇರೊಬ್ಬರು ಸೀಸದ ವಸ್ತು ಸುಟ್ಟಿದ್ದರು. ಕಾವಿಗೆ ಸೀಸ ಆವಿಯಾಗಿ ಗೋಡೆಗೆ ಕೂತಿರುತ್ತದೆ, ಮತ್ತೆ ಕಾಯಿಸಿದಾಗ ಎದ್ದು ಬರುತ್ತದೆ. ಪದರವನ್ನು ಪರೀಕ್ಷೆಗೆ ಹಾಕಿದೆ. ಸೀಸ ಇತ್ತು. ಕೇಳಬೇಕೆಂದು ಹಂಬಲಿಸಿದ್ದೆ, ಕೇಳಿಸಿಬಿಟ್ಟಿತ್ತು.

ಎರಡು ದಿನ ಬಾಯಿ ಬಿಡಲಿಲ್ಲ. ಯಾರಿಗೂ ಗೊತ್ತಾಗುವಂತಿರಲಿಲ್ಲ, ನಿಜಕ್ಕೂ ಹೇಳದೇ ಇರಬೇಕೆಂದುಕೊಂಡಿದ್ದೆ. ಆದರೆ ಕಣ್ಣು ಮುಚ್ಚಿದರೆ ನಮ್ಮ ಬಾಗಿಲಲ್ಲಿ ನಿಂತ ಚಾಚಾ. ಮೂರನೆಯ ಬೆಳಿಗ್ಗೆ ಮಾರ್ಗದರ್ಶಕರ ಮನೆ ಬಾಗಿಲಿಗೆ ಹೋಗಿ ನಿಂತು, "ಸರ್, ತಪ್ಪು ನಂದು," ಎಂದೆ. ಲೇಖನ ವಾಪಸು ತೆಗೆದುಕೊಂಡೆವು. ಹೊಸ ಕುಲುಮೆಯಲ್ಲಿ ಮೊದಲಿನಿಂದ ಶುರು ಮಾಡಿದ್ದಕ್ಕೆ ಇನ್ನೆರಡು ವರ್ಷ ಹಿಡಿಯಿತು. ಈಗಿನ ಪದರ ಮೆಲ್ಲಗೆ ಮಿಡಿಯುತ್ತದೆ, ಆದರೆ ಅದು ಅದರದೇ ಮಿಡಿತ.

ಅದನ್ನು ಕಮಲಾಪುರಕ್ಕೆ ಒಯ್ದಾಗ ಚಾಚಾಗೆ ಏನೂ ಕೇಳುತ್ತಿರಲಿಲ್ಲ. ಪದರವನ್ನು ಬೆರಳಿನಿಂದ ಒತ್ತಿ, ಮೀಟರಿನ ಮುಳ್ಳು ಅಲುಗಿದ್ದನ್ನು ತೋರಿಸಿದೆ. "ಸೀಸ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. ತಾವೇ ಒತ್ತಿ ನೋಡಿದರು, ಮತ್ತೆ ಮತ್ತೆ ಒತ್ತಿದರು. "ಅಳ್ತದ ಬೇಟಾ, ಬರಾಬ್ಬರ್ ಅಳ್ತದ," ಎಂದು ನನ್ನ ತಲೆ ಸವರಿದರು.

ಹೋದ ವರ್ಷ ತೀರಿಕೊಂಡರು. ಅವರು ಕೊಟ್ಟ ತವರದ ಕಡ್ಡಿ ನನ್ನ ಮೇಜಿನ ಮೇಲಿದೆ. ಈಗ ನನ್ನ ಕೈಕೆಳಗೂ ಒಬ್ಬಳು ಸಂಶೋಧನೆ ಮಾಡುತ್ತಿದ್ದಾಳೆ. ಯಾವುದಾದರೂ ಪದರ ಚೆನ್ನಾಗಿ ಮಿಡಿದು ನನಗೆ ಕುಣಿಯುವ ಹಾಗಾದರೆ, ಮೊದಲು ಮೀಟರು ಅವಳ ಕಡೆ ತಿರುಗಿಸಿ, ಎದ್ದು ಅವಳಿಗೆ ಜಾಗ ಬಿಡುತ್ತೇನೆ.

"ನೀ ಕೇಳಿ ಹೇಳು," ಎನ್ನುತ್ತೇನೆ.